ಕೈಗಾರಿಕಾ ಸಾಮ್ರಾಜ್ಯಗಳ ಯುಗವನ್ನು ಓದುವ ಕ್ರಮ

ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ 1914ರ ಮಹಾಯುದ್ಧದವರೆಗಿನ ಕಾಲವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೂರು ಅಧ್ಯಾಯಗಳಾಗಿ ಹೋಳು ಮಾಡಿ ಕೊಡುತ್ತವೆ. ಒಂದರಲ್ಲಿ ಉಗಿಯಂತ್ರ, ಗಿರಣಿ, ರೈಲು ಬರುತ್ತವೆ. ಇನ್ನೊಂದರಲ್ಲಿ ಉದಾರವಾದ, ರಾಷ್ಟ್ರೀಯತೆ, ಸಮಾಜವಾದಗಳ ವಿವರಣೆಯಿರುತ್ತದೆ. ಮೂರನೆಯದರಲ್ಲಿ ವಸಾಹತು, ಯುದ್ಧ, ಒಪ್ಪಂದಗಳ ಪಟ್ಟಿಯಿರುತ್ತದೆ. ಕಂಠಪಾಠಕ್ಕೆ ಈ ವಿಂಗಡಣೆ ಅನುಕೂಲವೇನೋ ಹೌದು, ಆದರೆ ಹೀಗೆ ಓದಿದವರಿಗೆ ಈ ಯುಗದ ಅತಿ ಸಹಜವಾದ ಪ್ರಶ್ನೆಗೇ ಉತ್ತರ ಸಿಗುವುದಿಲ್ಲ: ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಅಷ್ಟೊಂದು ಚಿಂತಿಸಿದ ಶತಮಾನವೇ ಅಷ್ಟೊಂದು ಜನರನ್ನು ಪರರ ಆಳ್ವಿಕೆಗೆ ಒಳಪಡಿಸಿದ್ದು ಹೇಗೆ? ‘ಅದೆಲ್ಲ ಬೂಟಾಟಿಕೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ಆದರೆ ಹಾಗೆ ಮಾಡಿದರೆ ಏನೂ ತಿಳಿಯುವುದಿಲ್ಲ. ಇಲ್ಲಿ ವಿವರಿಸಿರುವ ಓದಿನ ಕ್ರಮದ ತಿರುಳು ಇಷ್ಟೆ: ಯಾವುದೇ ವಿಚಾರ ಎದುರಾದಾಗ ಅದು ಯಾರವರೆಗೆ ಅನ್ವಯಿಸಿತು, ಯಾವ ಗೆರೆಯ ಬಳಿ ನಿಂತುಬಿಟ್ಟಿತು ಎಂದು ಹುಡುಕಬೇಕು. ಈ ಯುಗದ ಸಂಘರ್ಷಗಳಲ್ಲಿ ಬಹುಪಾಲು ಆ ಗೆರೆಯ ಮೇಲೆಯೇ ನಡೆದಿವೆ.

ಹಾಳೆಯೊಂದನ್ನು ಅಡ್ಡಲಾಗಿ ಓದುವುದು

ಮೊದಲು ಒಂದು ದೊಡ್ಡ ಹಾಳೆಯಲ್ಲಿ ಮೂರು ಕಂಬಸಾಲುಗಳನ್ನು ಎಳೆದುಕೊಳ್ಳಿ. ಒಂದು ದುಡಿಮೆ ಮತ್ತು ಯಂತ್ರಗಳಿಗೆ, ಒಂದು ವಿಚಾರಗಳಿಗೆ, ಒಂದು ಆಳ್ವಿಕೆ ಮತ್ತು ಯುದ್ಧಗಳಿಗೆ. ಇಪ್ಪತ್ತಕ್ಕಿಂತ ಹೆಚ್ಚು ಇಸವಿಗಳನ್ನು ತುಂಬಬೇಡಿ, ತುಂಬಿದಷ್ಟೂ ಹಾಳೆ ಮೂಕವಾಗುತ್ತದೆ. ಜೇಮ್ಸ್ ವಾಟ್ ತನ್ನ ಉಗಿಯಂತ್ರ ಸುಧಾರಣೆಗೆ ಪೇಟೆಂಟ್ ಪಡೆದ 1769, ಆಡಮ್ ಸ್ಮಿತ್ ಅರ್ಥಶಾಸ್ತ್ರದ ತನ್ನ ಮಹಾಗ್ರಂಥ ಪ್ರಕಟಿಸಿದ 1776, ಫ್ರಾನ್ಸಿನ ಕ್ರಾಂತಿಯ 1789, ಹೈಟಿ ಸ್ವತಂತ್ರವಾದ 1804, ಯೂರೋಪಿನ ಅನೇಕ ರಾಜಧಾನಿಗಳಲ್ಲಿ ದಂಗೆಯೆದ್ದ 1848, ಜರ್ಮನಿ ಒಂದಾದ 1871, ಇಂಥವು ಸಾಕು. ಬರೆದ ಮೇಲೆ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಓದದೆ ಎಡದಿಂದ ಬಲಕ್ಕೆ ಓದಿ.

ಹೀಗೆ ಅಡ್ಡಲಾಗಿ ಓದಿದರೆ ಏನು ಕಾಣಿಸುತ್ತದೆ ಎಂಬುದಕ್ಕೆ 1833ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬ್ರಿಟನ್ನಿನ ಸಂಸತ್ತು ಮೂರು ಕಾಯ್ದೆಗಳನ್ನು ಅಂಗೀಕರಿಸಿತು. ಕಾರ್ಖಾನೆ ಕಾಯ್ದೆಯು ಬಟ್ಟೆ ಗಿರಣಿಗಳಲ್ಲಿ, ರೇಷ್ಮೆ ಗಿರಣಿಗಳನ್ನು ಬಿಟ್ಟು, ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿತವನ್ನು ನಿಷೇಧಿಸಿ, ಅದನ್ನು ನೋಡಿಕೊಳ್ಳಲು ಇಡೀ ದೇಶಕ್ಕೆ 4 ಮಂದಿ ತನಿಖಾಧಿಕಾರಿಗಳನ್ನು ನೇಮಿಸಿತು. ಗುಲಾಮಗಿರಿ ರದ್ದತಿ ಕಾಯ್ದೆಯು 2 ಕೋಟಿ ಪೌಂಡ್ ಪರಿಹಾರವನ್ನು ಗೊತ್ತುಮಾಡಿತು, ಆದರೆ ಆ ಹಣ ಗುಲಾಮರಿಗಲ್ಲ, ಅವರ ಒಡೆಯರಿಗೆ. ಬಿಡುಗಡೆಯಾದವರು ‘ತರಬೇತಿ’ಯ ಹೆಸರಿನಲ್ಲಿ 1838ರವರೆಗೆ ಅದೇ ತೋಟಗಳಲ್ಲಿ ದುಡಿಯಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳಿಗೆ ಈ ಕಾಯ್ದೆ ಅನ್ವಯಿಸಲೇ ಇಲ್ಲ, ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಮೂರನೆಯದಾದ ಚಾರ್ಟರ್ ಕಾಯ್ದೆಯು ಕಂಪನಿಯ ವ್ಯಾಪಾರವನ್ನು ಕೊನೆಗೊಳಿಸಿ ಆಳುವ ಅಧಿಕಾರವನ್ನು ಮಾತ್ರ ಅದರ ಕೈಯಲ್ಲೇ ಉಳಿಸಿತು, ಜೊತೆಗೆ ಧರ್ಮ, ಹುಟ್ಟು, ಬಣ್ಣಗಳ ಕಾರಣಕ್ಕೆ ಯಾವ ಭಾರತೀಯನನ್ನೂ ಹುದ್ದೆಯಿಂದ ದೂರವಿಡಬಾರದೆಂಬ ಮಾತನ್ನೂ ಸೇರಿಸಿತು. ಆ ಮಾತು ದಶಕಗಳ ಕಾಲ ಕಾಗದದ ಮೇಲೆಯೇ ಉಳಿಯಿತು. ಒಂದೇ ಸಂಸತ್ತು, ಒಂದೇ ತಿಂಗಳು: ಸುಧಾರಣೆಯ ಉತ್ಸಾಹವೂ ನಿಜ, ಅದು ಎಲ್ಲಿಗೆ ನಿಲ್ಲಬೇಕೆಂಬ ಲೆಕ್ಕಾಚಾರವೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದು ಓದುವ ಅಭ್ಯಾಸ ಇಲ್ಲಿಂದಲೇ ಶುರುವಾಗಬೇಕು.

ಒಂದು ಸರಕಿನ ಬೆನ್ನು ಹತ್ತುವುದು

ಎರಡನೆಯ ಹಂತದಲ್ಲಿ ಒಂದು ಸರಕನ್ನು ಆರಿಸಿಕೊಂಡು ಅದು ಹೋದಲ್ಲೆಲ್ಲ ಹೋಗಬೇಕು. ಸಕ್ಕರೆ, ಚಹಾ, ರಬ್ಬರ್ ಯಾವುದಾದರೂ ಆದೀತು. ಮೊದಲ ಸಲಕ್ಕೆ ಹತ್ತಿಯೇ ಲೇಸು, ಏಕೆಂದರೆ ಈ ಯುಗದ ಎಲ್ಲ ಎಳೆಗಳೂ ಅದರಲ್ಲಿ ಹೆಣೆದುಕೊಂಡಿವೆ. ಬ್ರಿಟನ್ ತನ್ನ ಉಣ್ಣೆ, ರೇಷ್ಮೆ ನೇಕಾರರ ರಕ್ಷಣೆಗಾಗಿ 1700ರಲ್ಲಿಯೂ 1721ರಲ್ಲಿಯೂ ಅಚ್ಚಿನ ಹತ್ತಿ ಬಟ್ಟೆಗಳ ಮೇಲೆ ನಿಷೇಧ ಹೇರಿತ್ತು. ಮುಕ್ತ ವ್ಯಾಪಾರದ ತವರೆಂದು ಹೆಸರಾದ ದೇಶದ ಹತ್ತಿ ಉದ್ಯಮ ಬೆಳೆದದ್ದು ನಿಷೇಧದ ಬೇಲಿಯೊಳಗೆ ಎಂಬುದನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಮೇಲೆ ಹಾರ್ಗ್ರೀವ್ಸ್‌ನ ನೂಲುವ ಜೆನ್ನಿ, 1769ರಲ್ಲಿ ಆರ್ಕ್‌ರೈಟ್‌ನ ನೀರಿನ ಬಲದಿಂದ ನಡೆಯುವ ಚೌಕಟ್ಟು, 1779ರಲ್ಲಿ ಕ್ರಾಂಪ್ಟನ್‌ನ ಮ್ಯೂಲ್ ಎಂಬ ನೂಲುವ ಯಂತ್ರಗಳು ಬಂದವು. ನೂಲುವ ವೇಗ ಹೆಚ್ಚಿದಂತೆ ಹಸಿ ಹತ್ತಿಯ ಹಸಿವೂ ಹೆಚ್ಚಿತು. 1793ರಲ್ಲಿ ಎಲೈ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ರೂಪಿಸಿದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳು ಆ ಹಸಿವನ್ನು ತೀರಿಸಲು ನಿಂತವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಅಲ್ಲಿನ ಗುಲಾಮರ ಸಂಖ್ಯೆ 1860ರ ಹೊತ್ತಿಗೆ ಸುಮಾರು 40 ಲಕ್ಷಕ್ಕೆ ಏರಿತು. ಯಂತ್ರ ಬಂದರೆ ಬಲವಂತದ ದುಡಿಮೆ ತಾನಾಗಿ ಕರಗುತ್ತದೆ ಎಂಬ ನಂಬಿಕೆ ಯಾರಿಗಾದರೂ ಇದ್ದರೆ ಈ ಒಂದು ಅಂಕಿ ಸಾಕು.

ಸರಕು ಅಲ್ಲಿಗೇ ನಿಲ್ಲುವುದಿಲ್ಲ. 1813ರಲ್ಲಿ ಭಾರತದ ವ್ಯಾಪಾರದಲ್ಲಿ ಕಂಪನಿಯ ಏಕಸ್ವಾಮ್ಯ ಹೋದ ಬಳಿಕ ಇಂಗ್ಲೆಂಡಿನ ಲ್ಯಾಂಕಶೈರ್‌ನ ಗಿರಣಿ ಬಟ್ಟೆ ಭಾರತದ ಪೇಟೆಗೆ ಹರಿದುಬಂತು, ಹಿಂದೆ ಜಗತ್ತಿಗೆ ಬಟ್ಟೆ ಉಡಿಸಿದ್ದ ಢಾಕಾದ ನೇಕಾರಿಕೆ ಕುಸಿಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಲ್ಯಾಂಕಶೈರ್‌ನಲ್ಲಿ ಹತ್ತಿಯ ಬರ ತಲೆದೋರಿ ಗಿರಣಿಗಳು ಮುಚ್ಚಿದವು. ಅದೇ ವೇಳೆ ಮುಂಬಯಿಯ ವರ್ತಕರು ಹಣದ ಹೊಳೆಯಲ್ಲಿ ಮಿಂದರು, 1865ರಲ್ಲಿ ಯುದ್ಧ ಮುಗಿದೊಡನೆ ಅಲ್ಲಿನ ಷೇರು ಪೇಟೆ ನೆಲಕಚ್ಚಿತು. ಈಜಿಪ್ಟ್ ಕೂಡ ಹತ್ತಿಯ ಏರುಬೆಲೆಯನ್ನು ನಂಬಿ ಸಾಲ ಮಾಡಿತು. ಆ ಸಾಲದ ಹೊರೆಯಲ್ಲಿ ಅಲ್ಲಿನ ಆಳರಸ ಖೆದೀವ್ ಸೂಯೆಜ್ ಕಾಲುವೆಯ ತನ್ನ ಷೇರುಗಳನ್ನು 1875ರಲ್ಲಿ 40 ಲಕ್ಷ ಪೌಂಡಿಗೆ ಬ್ರಿಟಿಷ್ ಸರ್ಕಾರಕ್ಕೆ ಮಾರಿದ, ಮರುವರ್ಷ ಅವನ ಬೊಕ್ಕಸ ದಿವಾಳಿಯಾಯಿತು, 1882ರಲ್ಲಿ ಬ್ರಿಟಿಷ್ ಸೈನ್ಯ ಅಲ್ಲಿಗೆ ಇಳಿಯಿತು. ಗದ್ದೆಯಿಂದ ಗಿರಣಿಗೆ, ಗಿರಣಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಫಿರಂಗಿಗೆ ಹೋಗುವ ಈ ದಾರಿಯನ್ನು ಒಮ್ಮೆ ನಕ್ಷೆಯ ಮೇಲೆ ಬೆರಳಿಟ್ಟು ಅನುಸರಿಸಿದವರಿಗೆ ‘ಸಾಮ್ರಾಜ್ಯಶಾಹಿಗೆ ಕಾರಣಗಳು’ ಎಂಬ ಐದು ಅಂಕಗಳ ಪ್ರಶ್ನೆ ಬಹಳ ಚಿಕ್ಕದಾಗಿ ಕಾಣುತ್ತದೆ.

ವಿಚಾರದ ಗೆರೆಯನ್ನು ಹುಡುಕುವುದು

ಈಗ ವಿಚಾರಗಳ ಕಂಬಸಾಲಿಗೆ ಬರಬಹುದು. ಉದಾರವಾದವನ್ನು ವ್ಯಾಖ್ಯೆಯಿಂದ ಆರಂಭಿಸದೆ ಒಬ್ಬ ವ್ಯಕ್ತಿಯಿಂದ ಆರಂಭಿಸಿ. ಜಾನ್ ಸ್ಟುವರ್ಟ್ ಮಿಲ್ 1823ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗೆ ಗುಮಾಸ್ತನಾಗಿ ಸೇರಿ, ಕಂಪನಿಯ ಆಳ್ವಿಕೆ ಕೊನೆಗೊಂಡ 1858ರವರೆಗೆ ಅಲ್ಲಿಯೇ ದುಡಿದ. ಮರುವರ್ಷವೇ ವ್ಯಕ್ತಿಸ್ವಾತಂತ್ರ್ಯದ ಕುರಿತ ಅವನ ಪ್ರಸಿದ್ಧ ಕೃತಿ ಪ್ರಕಟವಾಯಿತು. ಅದರ ಆರಂಭದಲ್ಲಿಯೇ ಅವನು ಗೆರೆಯನ್ನು ಸ್ಪಷ್ಟವಾಗಿ ಎಳೆದಿದ್ದಾನೆ: ಈ ತತ್ತ್ವ ವಯಸ್ಕರಿಗೆ ಸಲ್ಲತಕ್ಕದ್ದು, ಮಕ್ಕಳಿಗೂ ‘ಹಿಂದುಳಿದ’ ಸಮಾಜಗಳಿಗೂ ಸಲ್ಲದು, ಅಂಥವರ ಸುಧಾರಣೆಯೇ ಗುರಿಯಾಗಿದ್ದರೆ ನಿರಂಕುಶ ಆಡಳಿತವೂ ನ್ಯಾಯವೇ. ಇದೇ ಮಿಲ್ 1867ರಲ್ಲಿ ಮತದಾನದ ಮಸೂದೆಯಲ್ಲಿ ‘ಪುರುಷ’ ಎಂಬುದನ್ನು ‘ವ್ಯಕ್ತಿ’ ಎಂದು ತಿದ್ದಬೇಕೆಂದು ಸಂಸತ್ತಿನಲ್ಲಿ ವಾದಿಸಿ 73 ಮತಗಳನ್ನು ಪಡೆದು ಸೋತ. ಮಹಿಳೆಯರ ವಿಷಯದಲ್ಲಿ ಗೆರೆಯನ್ನು ಸರಿಸಲು ಧೈರ್ಯ ಮಾಡಿದವನು ಭಾರತದ ವಿಷಯದಲ್ಲಿ ಅದನ್ನು ಹಾಗೆಯೇ ಬಿಟ್ಟ. ಈ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಿಲ್ ಕಪಟಿ ಎನ್ನಲಾಗುವುದಿಲ್ಲ, ಮಹಾತ್ಮನೆನ್ನಲೂ ಆಗುವುದಿಲ್ಲ. ಅವನ ವಿಚಾರದ ಆಕಾರ ಮಾತ್ರ ಕಣ್ಣಿಗೆ ಬೀಳುತ್ತದೆ, ನಮಗೆ ಬೇಕಾದದ್ದೂ ಅದೇ.

ಮುಕ್ತ ವ್ಯಾಪಾರಕ್ಕೂ ಇದೇ ಒರೆಗಲ್ಲನ್ನು ಹಚ್ಚಿ. 1839ರ ಜೂನ್‌ನಲ್ಲಿ ಚೀನಾದ ಅಧಿಕಾರಿ ಲಿನ್ ತ್ಸೆಶು ಹೂಮೆನ್‌ನಲ್ಲಿ ಬ್ರಿಟಿಷ್ ವರ್ತಕರ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ನಾಶಪಡಿಸಿದ. ಆ ಅಫೀಮು ಬಹುಪಾಲು ಬಂಗಾಳದಲ್ಲಿ ಕಂಪನಿಯ ಏಕಸ್ವಾಮ್ಯದಡಿ ತಯಾರಾಗಿ ಹರಾಜಾದದ್ದು. ಅಂದರೆ ‘ಮುಕ್ತ ವ್ಯಾಪಾರ’ದ ಸರಕಿನ ಒಂದು ತುದಿಯಲ್ಲಿ ಸರ್ಕಾರಿ ಏಕಸ್ವಾಮ್ಯ, ಇನ್ನೊಂದು ತುದಿಯಲ್ಲಿ ಕಳ್ಳಸಾಗಣೆ. 1840ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಸರ್ಕಾರದ ಚೀನಾ ನೀತಿಯನ್ನು ಖಂಡಿಸುವ ನಿರ್ಣಯ 262ಕ್ಕೆ 271 ಮತಗಳಿಂದ, ಕೇವಲ 9 ಮತಗಳ ಅಂತರದಲ್ಲಿ, ಬಿದ್ದುಹೋಯಿತು. ಈ ಅಂತರವನ್ನು ಮರೆಯಬಾರದು. ‘ಆ ಕಾಲದವರೆಲ್ಲ ಹಾಗೆಯೇ ಯೋಚಿಸುತ್ತಿದ್ದರು’ ಎಂಬ ಸಮಜಾಯಿಷಿ ಎಷ್ಟು ಪೊಳ್ಳೆಂದು ಅದು ತೋರಿಸುತ್ತದೆ. ಅಫೀಮು ಯುದ್ಧದಲ್ಲಿ ಚೀನಾ ಸೋತ ಮೇಲೆ ಆದ 1842ರ ನಾನ್ಕಿಂಗ್ ಒಪ್ಪಂದ ಹಾಂಗ್‌ಕಾಂಗ್ ದ್ವೀಪವನ್ನು ಬ್ರಿಟನ್ನಿಗೆ ಕೊಟ್ಟಿತು, 5 ಬಂದರುಗಳನ್ನು ತೆರೆಸಿತು. ಅರ್ಧ ಶತಮಾನದ ಮೇಲೆ ಮುಂಬಯಿಯ ಗಿರಣಿಗಳು ಲ್ಯಾಂಕಶೈರ್‌ಗೆ ಪೈಪೋಟಿ ಕೊಡಲಾರಂಭಿಸಿದಾಗ ಅದೇ ತತ್ತ್ವ ಇನ್ನೊಂದು ವೇಷ ತೊಟ್ಟಿತು: 1896ರಲ್ಲಿ ಆಮದು ಬಟ್ಟೆಯ ಮೇಲೆ ಶೇಕಡಾ 3.5 ಸುಂಕ ವಿಧಿಸಿ, ‘ಸಮತೋಲನ’ಕ್ಕೆಂದು ಭಾರತದ ಗಿರಣಿ ಬಟ್ಟೆಯ ಮೇಲೂ ಅಷ್ಟೇ ಅಬಕಾರಿ ಸುಂಕ ಹೇರಲಾಯಿತು. ಅದು ತೊಲಗಿದ್ದು 1925ರಲ್ಲಿ. ಹಾಳೆಯ ಅಂಚಿನಲ್ಲಿ ಬರೆದಿಟ್ಟ 1721ನ್ನು ಈಗ ಇದರ ಪಕ್ಕಕ್ಕೆ ತನ್ನಿ.

ವಿಚಾರವೊಂದು ಹೊಟ್ಟೆಯವರೆಗೆ ತಲುಪಿದಾಗ ಏನಾಗುತ್ತದೆ ಎಂಬುದನ್ನು ಅರಿಯಲು ಬರಗಾಲಗಳನ್ನು ಓದಬೇಕು. ಪೇಟೆಯಲ್ಲಿ ಸರ್ಕಾರ ಕೈಯಾಡಿಸಬಾರದು ಎಂಬ ಸಿದ್ಧಾಂತದ ನೆರಳಿನಲ್ಲಿ 1845ರಿಂದ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಭಾರತದ ಮಟ್ಟಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಹಿಂಬಾಲಿಸುವುದು ಒಳ್ಳೆಯದು. 1873-74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ್ದರಿಂದ ಸಾವುಗಳು ಬಹಳ ಕಡಿಮೆಯಾದವು. ಪ್ರತಿಯಾಗಿ ಟೆಂಪಲ್‌ಗೆ ಸಿಕ್ಕಿದ್ದು ದುಂದುಗಾರನೆಂಬ ಟೀಕೆ. 1877ರಲ್ಲಿ ಮದ್ರಾಸ್ ಪ್ರಾಂತ್ಯದ ಬರಕ್ಕೆ ವೈಸ್‌ರಾಯ್ ಲಿಟ್ಟನ್‌ನ ಪ್ರತಿನಿಧಿಯಾಗಿ ಬಂದಾಗ ಅದೇ ವ್ಯಕ್ತಿ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಧಾನ್ಯ ಮತ್ತು ಸ್ವಲ್ಪ ಕಾಸಿಗೆ ಇಳಿಸಿದ. ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್ ಇದು ಬದುಕಲು ಸಾಲದೆಂದು ಪ್ರತಿಭಟಿಸಿದ. ಧಾನ್ಯದ ರಫ್ತು ನಿಲ್ಲಲಿಲ್ಲ. ಆ ಬರದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚೆಂಬುದು ಸಾಮಾನ್ಯ ಅಂದಾಜು. ಮನುಷ್ಯ ಒಬ್ಬನೇ, ಅಧಿಕಾರ ವ್ಯವಸ್ಥೆಯೂ ಒಂದೇ. ಬದಲಾದದ್ದು ಯಾವ ತಪ್ಪಿಗೆ ಶಿಕ್ಷೆ, ಯಾವುದಕ್ಕೆ ಬಡ್ತಿ ಎಂಬ ಲೆಕ್ಕ. ಸಿದ್ಧಾಂತಗಳು ಕಚೇರಿಗಳ ಮೂಲಕ ಕೆಲಸ ಮಾಡುವ ಬಗೆಗೆ ಇದಕ್ಕಿಂತ ಕಟುವಾದ ಪಾಠ ಈ ಯುಗದಲ್ಲಿ ವಿರಳ.

ರಾಷ್ಟ್ರೀಯತೆಯನ್ನು ಓದುವಾಗ ಇಟಲಿ, ಜರ್ಮನಿಗಳ ಏಕೀಕರಣದಲ್ಲೇ ಮುಳುಗಬೇಡಿ. ಫ್ರಾನ್ಸಿನ ಕ್ರಾಂತಿಯ 1789ರ ಮಾನವ ಹಕ್ಕುಗಳ ಘೋಷಣೆಯನ್ನು ಅಕ್ಷರಶಃ ನಂಬಿ ಎದ್ದವರು ಹೈಟಿಯ ಗುಲಾಮರು. 1794ರಲ್ಲಿ ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತು, 1802ರಲ್ಲಿ ನೆಪೋಲಿಯನ್ ಅದನ್ನು ಮರಳಿ ತಂದ, 1804ರಲ್ಲಿ ಹೈಟಿ ಸ್ವತಂತ್ರವಾಯಿತು, 1825ರಲ್ಲಿ ಮಾನ್ಯತೆಯ ಬೆಲೆಯಾಗಿ ಫ್ರಾನ್ಸ್ 15 ಕೋಟಿ ಫ್ರಾಂಕ್ ಕೇಳಿತು. ದಾದಾಭಾಯಿ ನವರೋಜಿಯವರ ದಾರಿ ಬೇರೆ. ಬ್ರಿಟನ್ನಿನ ವಾಗ್ದಾನಗಳನ್ನೇ ಬ್ರಿಟನ್ನಿನ ಮುಂದೆ ಹಿಡಿದು, ಭಾರತದ ಸಂಪತ್ತು ಸೋರಿಹೋಗುತ್ತಿರುವ ಲೆಕ್ಕವನ್ನು ಅಂಕಿಗಳಲ್ಲಿ ಒಪ್ಪಿಸಿ, 1892ರಲ್ಲಿ ಲಂಡನ್ನಿನ ಒಂದು ಕ್ಷೇತ್ರದಿಂದಲೇ ಅವರು ಸಂಸತ್ತಿಗೆ ಆಯ್ಕೆಯಾದರು. ಸಮಾಜವಾದದ ಬಗ್ಗೆ ಒಂದೇ ಸೂಚನೆ ಸಾಕು: ಮಾರ್ಕ್ಸ್ 1853ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಭಾರತದ ಬಗ್ಗೆ ಬರೆದ ಲೇಖನಗಳನ್ನೂ 1857ರ ದಂಗೆಯ ಕುರಿತ ಲೇಖನಗಳನ್ನೂ ಒಟ್ಟಿಗೆ ಓದಿ, ಅವನ ಗೆರೆ ಎಲ್ಲಿತ್ತು, ಎಷ್ಟು ಸರಿಯಿತು ಎಂದು ನೀವೇ ಗುರುತು ಹಾಕಿ. ಜನಾಂಗವಾದಕ್ಕೆ ಬಂದಾಗ ಎಲ್ಲವನ್ನೂ ಡಾರ್ವಿನ್‌ನ ತಲೆಗೆ ಕಟ್ಟುವ ಅಭ್ಯಾಸ ಬಿಡಬೇಕು. ‘ಸಮರ್ಥರ ಉಳಿವು’ ಎಂಬ ನುಡಿಗಟ್ಟು 1864ರಲ್ಲಿ ಬ್ರಿಟಿಷ್ ಚಿಂತಕ ಹರ್ಬರ್ಟ್ ಸ್ಪೆನ್ಸರ್‌ನಿಂದ ಬಂದದ್ದು, ವಿಚಿತ್ರವೆಂದರೆ ಆ ಸ್ಪೆನ್ಸರ್ ದಕ್ಷಿಣ ಆಫ್ರಿಕದಲ್ಲಿ ಬ್ರಿಟನ್ ನಡೆಸಿದ ಬೋಯರ್ ಯುದ್ಧವನ್ನು ವಿರೋಧಿಸಿದವನು.

ಸಂಘರ್ಷಗಳನ್ನೂ ದಾಖಲೆಗಳನ್ನೂ ಪ್ರಶ್ನಿಸುವುದು

ಯಾವುದೇ ಸಂಘರ್ಷವನ್ನು ಓದುವಾಗ ತೀರ್ಮಾನ ಮಾಡಿದವರು ಯಾರು, ಆ ಕೋಣೆಯಲ್ಲಿ ಯಾರು ಇರಲಿಲ್ಲ, ಖರ್ಚು ಯಾರ ಲೆಕ್ಕಕ್ಕೆ ಹೋಯಿತು ಎಂದು ಕೇಳಿ. 1884ರ ನವೆಂಬರ್‌ನಿಂದ 1885ರ ಫೆಬ್ರುವರಿವರೆಗೆ ನಡೆದ ಬರ್ಲಿನ್ ಸಮ್ಮೇಳನದಲ್ಲಿ 14 ರಾಷ್ಟ್ರಗಳಿದ್ದವು, ಆಫ್ರಿಕದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಆದರೆ ಆಫ್ರಿಕದ ಗಡಿಗಳನ್ನೆಲ್ಲ ಅಲ್ಲಿಯೇ ಸ್ಕೇಲು ಹಿಡಿದು ಎಳೆದರೆಂಬುದು ಜನಪ್ರಿಯ ಕಥೆ ಮಾತ್ರ. ಸಮ್ಮೇಳನ ಮುಖ್ಯವಾಗಿ ಕಾಂಗೋ, ನೈಜರ್ ನದಿಗಳ ವ್ಯಾಪಾರ ಮತ್ತು ಕರಾವಳಿಯಲ್ಲಿ ಹೊಸದಾಗಿ ಹಕ್ಕು ಸ್ಥಾಪಿಸುವ ನಿಯಮಗಳನ್ನು ಚರ್ಚಿಸಿತು, ಬಹುತೇಕ ಗಡಿಗಳು ಮುಂದಿನ ವರ್ಷಗಳ ಒಪ್ಪಂದಗಳಲ್ಲೂ ಯುದ್ಧಗಳಲ್ಲೂ ಮೂಡಿದವು. ಗುಲಾಮ ವ್ಯಾಪಾರವನ್ನು ಅಳಿಸುತ್ತೇನೆಂದು ಹೇಳಿಕೊಂಡು ಕಾಂಗೋವನ್ನು ಪಡೆದ ಬೆಲ್ಜಿಯಂನ ದೊರೆ ಲಿಯೋಪೋಲ್ಡ್ ಅಲ್ಲಿ ರಬ್ಬರಿಗಾಗಿ ಬಲವಂತದ ದುಡಿಮೆಯನ್ನು ನಡೆಸಿದ. 1904ರಲ್ಲಿ ಬ್ರಿಟಿಷ್ ರಾಯಭಾರ ಅಧಿಕಾರಿ ರೋಜರ್ ಕೇಸ್‌ಮೆಂಟ್‌ನ ವರದಿಯೂ ಎಡ್ಮಂಡ್ ಮೊರೆಲ್‌ನ ಪ್ರಚಾರವೂ ಅದನ್ನು ಬಯಲಿಗೆಳೆದವು, 1908ರಲ್ಲಿ ಕಾಂಗೋ ಅವನ ಕೈತಪ್ಪಿತು. ಓಮ್ದುರ್ಮಾನ್‌ನಲ್ಲಿ 1898ರಲ್ಲಿ ಬ್ರಿಟಿಷ್ ಸೈನ್ಯದ ಮ್ಯಾಕ್ಸಿಂ ಎಂಬ ಮೆಷಿನ್ ಗನ್ನುಗಳೆದುರು ಒಂದೇ ದಿನ 10,000ಕ್ಕೂ ಹೆಚ್ಚು ಸುಡಾನಿಗಳು ಸತ್ತದ್ದನ್ನು ಓದಿದವರು, 1896ರಲ್ಲಿ ಅಡ್ವಾದಲ್ಲಿ ಇಥಿಯೋಪಿಯದ ಸೈನ್ಯ ಇಟಲಿಯನ್ನು ಸೋಲಿಸಿದ್ದನ್ನೂ ಓದಬೇಕು. ಆ ಸೈನ್ಯದ ಬಳಿ ಆಧುನಿಕ ಬಂದೂಕುಗಳಿದ್ದವು ಎಂಬ ಸಂಗತಿ, ಗೆಲುವು ಸೋಲುಗಳನ್ನು ‘ನಾಗರಿಕತೆ’ಯ ಖಾತೆಗೆ ಬರೆಯುವವರನ್ನು ತಡೆದು ನಿಲ್ಲಿಸುತ್ತದೆ.

ಯಂತ್ರ ಒಡೆದ ಲಡ್ಡೈಟರನ್ನು ಪ್ರಗತಿಯ ವೈರಿಗಳೆಂದು ಬರೆಯುವುದೂ ಇಂಥದೇ ಅವಸರ. 1811ರಿಂದ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಹೆಣಿಗೆ ಯಂತ್ರಗಳ ಚೌಕಟ್ಟುಗಳನ್ನು ಒಡೆದವರು ಕುಶಲಕರ್ಮಿಗಳು. ಅವರ ತಕರಾರು ಯಂತ್ರಕ್ಕಿಂತ ಹೆಚ್ಚಾಗಿ, ಅದನ್ನು ಬಳಸಿ ಕೂಲಿ ಇಳಿಸಿ ಕಳಪೆ ಮಾಲು ತಯಾರಿಸುವ ಪದ್ಧತಿಯ ಮೇಲಿತ್ತು. 1812ರಲ್ಲಿ ಸಂಸತ್ತು ಚೌಕಟ್ಟು ಒಡೆಯುವುದಕ್ಕೆ ಮರಣದಂಡನೆಯನ್ನು ಗೊತ್ತುಮಾಡಿತು. ದುಡಿಯುವವನಿಗೆ ಮತವೂ ಇಲ್ಲದ, ಸಂಘವನ್ನೂ ಕಟ್ಟಲಾಗದ ಕಾಲದಲ್ಲಿ ಸುತ್ತಿಗೆಯೇ ಅರ್ಜಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ.

ದಾಖಲೆಗಳ ವಿಷಯದಲ್ಲಿ ಉದ್ದೇಶ ಮತ್ತು ಪರಿಣಾಮಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಬ್ರಿಟನ್ನಿನ ಸಂಸತ್ತು ನೇಮಿಸಿದ 1832ರ ಸ್ಯಾಡ್ಲರ್ ಸಮಿತಿಯೆದುರು ಗಿರಣಿ ಮಕ್ಕಳ ಪರವಾಗಿ ಬಂದ ಸಾಕ್ಷ್ಯಗಳು ಕರುಳು ಹಿಂಡುತ್ತವೆ. ಸಮಿತಿ ಒಂದೇ ಕಡೆಯ ಮಾತು ಕೇಳಿತೆಂದು ಮಾಲೀಕರು ತಕರಾರೆತ್ತಿದ್ದರಿಂದ 1833ರಲ್ಲಿ ಇನ್ನೊಂದು ಆಯೋಗ ಬಂತು. ಎರಡನ್ನೂ ಓದಿದರೆ ತಕರಾರಿನಲ್ಲಿ ಹುರುಳಿತ್ತೆಂಬುದೂ ತಿಳಿಯುತ್ತದೆ, ಮಕ್ಕಳ ಸ್ಥಿತಿ ಘೋರವಾಗಿತ್ತೆಂಬುದೂ ತಿಳಿಯುತ್ತದೆ. ಭಾರತದ 1881ರ ಕಾರ್ಖಾನೆ ಕಾಯ್ದೆಯು ಏಳು ವರ್ಷದೊಳಗಿನ ಮಕ್ಕಳ ದುಡಿತವನ್ನು ತಡೆಯಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಮುಂಬಯಿಯ ಪೈಪೋಟಿಗೆ ಹೆದರಿದ ಲ್ಯಾಂಕಶೈರ್‌ನ ಮಾಲೀಕರೂ ಇದ್ದರು, ಅದೇ ಕಾರಣಕ್ಕೆ ಅನೇಕ ಭಾರತೀಯ ರಾಷ್ಟ್ರೀಯವಾದಿಗಳು ಅದನ್ನು ಸಂಶಯದಿಂದ ಕಂಡರು. ಇಲ್ಲಿ ಯಾರ ಪಕ್ಷ ವಹಿಸುವಿರಿ? ಮಗುವಿನ ಕಡೆಯಿಂದ ನೋಡಿದರೆ ಉತ್ತರ ಒಂದು, ಗಿರಣಿಯ ಕಡೆಯಿಂದ ನೋಡಿದರೆ ಇನ್ನೊಂದು. ಟಿಪ್ಪಣಿಯಲ್ಲಿ ಎರಡನ್ನೂ ಬರೆದು, ನಿಮ್ಮದು ಯಾವುದೆಂದು ಹೇಳಿ.

ಇಷ್ಟಾದ ಮೇಲೆ ಇತಿಹಾಸಕಾರರ ವಾದಗಳಿಗೆ ಹೋಗುವುದು ಕ್ಷೇಮ, ಮೊದಲೇ ಹೋದರೆ ವಾದಗಳು ಘೋಷಣೆಗಳಾಗಿಬಿಡುತ್ತವೆ. ಹೂಡಿಕೆಗೆ ದಾರಿ ಹುಡುಕುವ ಬಂಡವಾಳವೇ ಸಾಮ್ರಾಜ್ಯದ ಬೇರೆಂದು 1902ರಲ್ಲಿ ಅರ್ಥಶಾಸ್ತ್ರಜ್ಞ ಹಾಬ್ಸನ್ ವಾದಿಸಿದ. ಔಪಚಾರಿಕ ಆಳ್ವಿಕೆಯಿಲ್ಲದೆ ಬರೀ ವ್ಯಾಪಾರದ ಮೂಲಕವೂ ಬ್ರಿಟನ್ ಸಾಮ್ರಾಜ್ಯ ನಡೆಸುತ್ತಿತ್ತೆಂದು 1953ರಲ್ಲಿ ಇತಿಹಾಸಕಾರರಾದ ಗ್ಯಾಲಹರ್ ಮತ್ತು ರಾಬಿನ್ಸನ್ ತೋರಿಸಿದರು. ನಿಮ್ಮ ಹತ್ತಿಯ ನಕ್ಷೆಯ ಮೇಲೆ ಎರಡನ್ನೂ ಇಟ್ಟು, ಈಜಿಪ್ಟಿಗೆ ಯಾವುದು ಹೊಂದುತ್ತದೆ, ಚೀನಾಕ್ಕೆ ಯಾವುದು ಹೊಂದುತ್ತದೆ ಎಂದು ಪರೀಕ್ಷಿಸಿ.

ಹಾಳೆಯನ್ನು 1914ಕ್ಕೆ ಮುಗಿಸದೆ ಇನ್ನೊಂದು ಸಾಲು ಕೆಳಕ್ಕೆ, 1919ರ ಏಪ್ರಿಲ್‌ವರೆಗೆ, ತನ್ನಿ. ಆ ತಿಂಗಳ 11ರಂದು ಪ್ಯಾರಿಸ್‌ನಲ್ಲಿ ರಾಷ್ಟ್ರಸಂಘದ ನಿಯಮಾವಳಿಗೆ ಜನಾಂಗಗಳ ಸಮಾನತೆಯ ಮಾತನ್ನು ಸೇರಿಸಬೇಕೆಂಬ ಜಪಾನಿನ ಸೂಚನೆಗೆ 17ರಲ್ಲಿ 11 ಮತಗಳು ಬಂದವು; ಅಧ್ಯಕ್ಷತೆ ವಹಿಸಿದ್ದ ವುಡ್ರೋ ವಿಲ್ಸನ್, ಸರ್ವಾನುಮತವಿಲ್ಲವೆಂದು ಅದನ್ನು ತಳ್ಳಿಹಾಕಿದ. ಸಮಾನತೆ ಕೇಳಿದ ಜಪಾನ್ ಅದೇ ವಾರಗಳಲ್ಲಿ ಕೊರಿಯಾದ ಸ್ವಾತಂತ್ರ್ಯ ಚಳವಳಿಯನ್ನು ಬಲಪ್ರಯೋಗದಿಂದ ಹತ್ತಿಕ್ಕುತ್ತಿತ್ತು. ಪ್ಯಾರಿಸ್‌ನ ಮತದಾನವಾಗಿ ಎರಡು ದಿನಕ್ಕೆ, 13ರಂದು, ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡಿನ ಮಳೆಯಾಯಿತು. ಈ ಮೂರನ್ನೂ ಒಂದೇ ಅಡ್ಡಸಾಲಿನಲ್ಲಿ ಬರೆದು, ಮೇಲೆ 1833ರ ಸಾಲಿನವರೆಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋಗಿ.